ಒಂಬತ್ತನೇ ಪ್ರಶ್ನೆ ಮತ್ತು ಎಂಟು ದಿನದ ಹೆಣ್ಣುಮಗಳು

"ಎಂಟು ದಿನ. ಒಂಬತ್ತನೇ ದಿನಕ್ಕ ಈಕಿ ಮನಿಗೆ ಓಡಿ ಹೋಗ್ತಾಳ, ನೋಡ್ರಿ ಬೇಕಾದ್ರ."

ನನ್ನ ಬಗ್ಗೆ ಹೀಗೆ ಭವಿಷ್ಯ ಹೇಳಿದವರು ಬಾಗಲಕೋಟೆಯ ಕಾಲೇಜೊಂದರ ಅರ್ಥಶಾಸ್ತ್ರದ ಲೆಕ್ಚರರ್. ನಾನು ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿದ್ದೆ. ಕಡಿಮೆ ಓದಿದವರಿಗೆ ಕಿವಿಯೂ ಕಡಿಮೆ ಕೇಳಿಸುತ್ತದೆ ಎಂದು ಅವರು ತಿಳಿದಿದ್ದರೋ ಏನೋ, ದನಿಯನ್ನು ತಗ್ಗಿಸಲೂ ಇಲ್ಲ.

ಆ ಎಂಟು ದಿನ ಹದಿನೆಂಟು ವರ್ಷವಾಯಿತು. ನಾನು ಇಳಕಲ್ಲಿನ ನೇಕಾರನ ಹೆಂಡತಿ, ಸಾಲಿ ಬಿಟ್ಟದ್ದು ಐದನೇ ಇಯತ್ತೆಗೆ. ಬೆಂಗಳೂರಿನ ಕಡೆಯಿಂದ ಬರುವ ಒಬ್ಬ ಅರ್ಥಶಾಸ್ತ್ರದ ಪ್ರೊಫೆಸರ್ ಬಾಯಿಯವರಿಗೆ ಮನೆಮನೆ ತಿರುಗಿ ಪ್ರಶ್ನೆ ಕೇಳಿ, ಉತ್ತರ ಬರೆದುಕೊಡುವುದು ನನ್ನ ಕೆಲಸ. ಬಡ ದೇಶಗಳಲ್ಲಿ ಹೆಂಗಸರು ಹೇಗೆ ದುಡಿಯುತ್ತಾರೆ, ಅವರ ಕೈಗೆ ಏನು ಉಳಿಯುತ್ತದೆ ಎಂಬುದನ್ನು ಅವರು ಜೀವನವಿಡೀ ಓದುತ್ತ ಬಂದಿದ್ದಾರೆ. ಆಫ್ರಿಕಾದ ಹಳ್ಳಿಗಳಲ್ಲೂ ತಿರುಗಿದವರು. ನಮ್ಮ ಕಡೆ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಬಡತನದ ಬಗ್ಗೆ ಕೇಳಲು ಹೋದವರು ನಗುತ್ತ ಹೊರಬರುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ಆದರೆ ಕೈಯಲ್ಲಿ ಫಾರಂ ಹಿಡಿದು ಇನ್ನೊಬ್ಬರ ಹೊಸ್ತಿಲು ದಾಟಿದರೆ ಸಾಕು, ಏನಾದರೊಂದು ಆಗದೆ ಬಿಡುವುದಿಲ್ಲ.

ತಲೆಕೆಳಗಿನ ಓದು

ಅಕ್ಕೋರು ಮೊದಲ ಸಲ ನಮ್ಮ ಓಣಿಗೆ ಬಂದಾಗ ದಾರಿ ತೋರಿಸಲು ಜೊತೆಗೆ ಬಂದವರೇ ಆ ಲೆಕ್ಚರರ್. ನಮ್ಮದು ಆಗ ಬಾಡಿಗೆ ಮನೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಒಂದು ಕುಣಿ ಮಗ್ಗ, ಅದರ ಹಿಂದೆ ಒಂದು ಅಡಿಗೆ ಮನೆ. ಗಂಡ ಮಗ್ಗದಲ್ಲಿ ಕೂತಿದ್ದ. ನಾನು ರಾಟಿ ತಿರುವುತ್ತ, ಲಾಳಿಯೊಳಗೆ ಇಡುವ ಕಂಡಿಕೆಗೆ ಹೊಕ್ಕಿನ ನೂಲು, ಎಂದರೆ ಸೀರೆಯ ಅಡ್ಡ ಎಳೆ, ಸುತ್ತುತ್ತಿದ್ದೆ. ಅಕ್ಕೋರು ನನ್ನ ಎದುರಿಗೆ ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಫಾರಂ ಇಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಅವರದು ಮೈಸೂರು ಕಡೆಯ ಮಾತು. ನಮ್ಮ ಅತ್ತೆ ಬಾಯಿ ತೆರೆದು ನೋಡುತ್ತ, "ಏನ ಚೆಂದ ಮಾತಾಡ್ತಾರವ್ವ, ಟೀವ್ಯಾಗ ವಾರ್ತೆ ಓದಿದಂಗ" ಎಂದಳು. ಉತ್ತರ ಮಾತ್ರ ಒಂದಕ್ಕೂ ಕೊಡಲಿಲ್ಲ. ಟೀವಿಗೆ ಯಾರು ಉತ್ತರ ಕೊಡುತ್ತಾರೆ?

ಅಷ್ಟರಲ್ಲಿ ನಾನು ಅಂದೆ: "ಅಕ್ಕೋರ, ಒಂಬತ್ತನೇದು ಬಿಟ್ರಿ."

ಅವರ ಪೆನ್ನು ನಿಂತಿತು. "ಏನಂದ್ರಿ?"

"ಎಂಟು ಆದ ಮ್ಯಾಲ ಹತ್ತು ಕೇಳಿದ್ರಿ. ಒಂಬತ್ತನೇದು, ‘ಈ ಮನೆ ಯಾರ ಹೆಸರಿನಲ್ಲಿದೆ’ ಅಂತ ಐತಿ. ಅದನ್ನ ಕೇಳಲಿಲ್ಲ."

ಅವರು ಫಾರಂ ನೋಡಿದರು, ನನ್ನನ್ನು ನೋಡಿದರು. "ನೀವು ಅಲ್ಲಿ ಕೂತು, ತಲೆಕೆಳಗಾಗಿ ಇದನ್ನ ಓದಿದ್ರಾ?"

ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಾನು ಸಾಲಿ ಬಿಟ್ಟ ಮೇಲೆ ತವರಿನಲ್ಲಿ ಇದ್ದದ್ದು ಒಂದೇ ಪುಸ್ತಕ, ಅದು ತಮ್ಮನದು. ಅವನು ನನ್ನ ರಾಟಿಯ ಎದುರಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಪುಸ್ತಕ ಅವನಿಗೆ ನೇರ, ನನಗೆ ತಲೆಕೆಳಗು. ಹಾಗೇ ಕಲಿತೆ. ನೇರವಾಗಿ ಓದಲು ಕಲಿತದ್ದು ಆಮೇಲೆ, ನೂಲಿನ ಗಂಟಿಗೆ ಸುತ್ತಿ ಬರುತ್ತಿದ್ದ ಹಳೆಯ ಪೇಪರುಗಳಿಂದ. ತಮ್ಮ ಮೆಟ್ರಿಕ್ಕಿನಲ್ಲಿ ಫೇಲಾದ. ಪ್ರಶ್ನೆಪತ್ರಿಕೆಯನ್ನು ತಲೆಕೆಳಗು ಮಾಡಿ ಕೊಟ್ಟಿದ್ದರೆ ನಾನು ಪಾಸಾಗುತ್ತಿದ್ದೆ.

"ಮತ್ತ ಯಾಕ ಬಿಟ್ರಿ?" ಎಂದು ನಾನು ಬಿಡದೆ ಕೇಳಿದೆ.

"ನಿಮ್ಮದು ಬಾಡಿಗೆ ಮನೆ ಅಲ್ವಾ? ಬಾಡಿಗೆ ಮನೆಯಾದ್ರೆ ಆ ಪ್ರಶ್ನೆ ಬಿಟ್ಟು ಮುಂದಕ್ಕೆ ಹೋಗಬೇಕು. ಅದು ನಿಯಮ."

ನಿಯಮ ಸರಿಯೇ ಇತ್ತು. ಆದರೂ, ಜಗತ್ತಿನ ದೇಶಗಳನ್ನೆಲ್ಲ ತಿರುಗಿದ ಒಂದು ಪ್ರಶ್ನೆ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ತಿರುಗಿ ಹೋಗಬೇಕೇ? ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ: ಒಂದು ದಿನ ನನ್ನ ಮನೆಯಲ್ಲಿ ಒಂಬತ್ತನೇ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು, ಉತ್ತರದಲ್ಲಿ ನನ್ನ ಹೆಸರು ಬರಬೇಕು.

ಅಕ್ಕೋರು ಹೊರಡುವಾಗ, "ನನ್ನ ಜೊತೆ ಕೆಲಸಕ್ಕೆ ಬರ್ತೀರಾ?" ಎಂದರು. ಆಗಲೇ ಲೆಕ್ಚರರ್ ಆ ಎಂಟು ದಿನದ ಮಾತು ಹೇಳಿದ್ದು. ನಮ್ಮ ಅತ್ತೆ ಇಬ್ಬರ ಮಾತನ್ನೂ ಕೇಳಿಸಿಕೊಂಡು, ತನ್ನ ತೀರ್ಪು ಕೊಟ್ಟಳು:

"ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಎಂಟು ದಿನದ ಕಟಕ ರೊಟ್ಟಿ ಬಡದಿಟ್ಟು ಹೋಗು."

ಆಕಿ ಏನೂ ಮಾಡಂಗಿಲ್ಲ

ಕೆಲಸಕ್ಕೆ ಸೇರಿದ ಮೊದಲ ವಾರ. ಇಳಕಲ್ಲಿನಲ್ಲೇ ಇನ್ನೊಂದು ಓಣಿಯ ನೇಕಾರರ ಮನೆ. ಗಂಡ ಮಗ್ಗದ ಕುಣಿಯಲ್ಲಿ, ಹೆಂಡತಿ ರಾಟಿಯ ಮುಂದೆ. ಅಕ್ಕೋರು ಹೆಂಡತಿಯನ್ನು ಕೇಳಿದರು: "ನೀವು ಏನು ಕೆಲಸ ಮಾಡ್ತೀರಿ?"

ಉತ್ತರ ಕುಣಿಯಿಂದ ಬಂತು. "ಆಕಿ ಏನೂ ಮಾಡಂಗಿಲ್ರಿ. ಮನ್ಯಾಗ ಇರ್ತಾಳ."

ಹೆಂಡತಿ ರಾಟಿಯಿಂದ ಕೈ ತೆಗೆದು, ಸೆರಗಿನಿಂದ ಬೆವರು ಒರೆಸಿಕೊಂಡು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅಕ್ಕೋರು ಮುಂದಿನ ಪ್ರಶ್ನೆಗೆ ಹೋದರು. ಮಗ್ಗ ಟಕ್ಕಟಕ್ಕ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಲಾಳಿಯಲ್ಲಿ ನೂಲು ಮುಗಿಯಿತು.

"ಏ, ಕಂಡಿಕಿ ಕೊಡ."

"ನಾ ಏನೂ ಮಾಡಂಗಿಲ್ಲಲ್ರಿ."

ಮಗ್ಗ ನಿಂತಿತು. ನೇಕಾರರ ಮನೆಯಲ್ಲಿ ಮಗ್ಗ ನಿಂತರೆ ಎಲ್ಲರಿಗೂ ಕಿವಿ ಮುಚ್ಚಿದ ಹಾಗಾಗುತ್ತದೆ. ಆತ ಹೆಂಡತಿಯನ್ನು ನೋಡಿದ, ನಮ್ಮನ್ನು ನೋಡಿದ, ಕೊನೆಗೆ ಗಂಟಲು ಸರಿಮಾಡಿಕೊಂಡು, "ಅಕ್ಕೋರ, ಅದೇನೋ ಬರದ್ರಲ್ಲ, ಅದನ್ನ ಹೊಡದು ಹಾಕ್ರಿ. ಆಕಿ ಕಂಡಿಕಿ ಸುತ್ತತಾಳ" ಎಂದ.

"ಮತ್ತ?" ಎಂದಳು ಹೆಂಡತಿ.

"ಹಾಸಿನ ಉದ್ದ ಎಳಿಗೆ ಗಂಜಿ ಹಚ್ಚತಾಳ."

"ಮತ್ತ?"

"ಹರದ ಎಳಿ ಕೂಡಸ್ತಾಳ. ಸೆರಗಿನ ಎಳಿ ಗಂಟು ಹಾಕ್ತಾಳ. ಅಡಗಿ ಮಾಡತಾಳ. ನೀರ ತರತಾಳ." ಆತನಿಗೆ ಉಸಿರು ಹತ್ತಿತು. "ಇನ್ನೂ ಐತೇನು?"

"ಐತಿ. ಅಕ್ಕೋರ ಹಾಳಿ ಮುಗದೈತಿ, ಅದಕ್ಕ ಸುಮ್ಮನಾಗೇನಿ," ಎಂದು ಆಕೆ ರಾಟಿಗೆ ಕೈ ಹಾಕಿದಳು.

ನಾವು ಹೊರಗೆ ಬಂದಾಗ ಆತ ಬಾಗಿಲವರೆಗೆ ಬಂದು, ನನ್ನ ಕಿವಿಯ ಹತ್ತಿರ ಹೇಳಿದ: "ಅಕ್ಕಾ, ಮುಂದಿನ ಮನ್ಯಾಗ ಇದನ್ನ ಕೇಳಬ್ಯಾಡ್ರಿ. ಅಂವ ನಾಳಿಗೆ ಸೀರಿ ಮುಗಿಸಿ ಕೊಡಬೇಕು."

ಕೆಂಪು ದಾರದ ಮಿಕ್ಸರ್

ಗುಡೂರಿನಲ್ಲಿ ಮನೆಯ ಸಾಮಾನು ಬರೆದುಕೊಳ್ಳುವ ಕೆಲಸವಿತ್ತು. ಪಟ್ಟಿ ದೊಡ್ಡದು. ಟೀವಿ ಐತೋ, ಸೈಕಲ್ ಐತೋ, ಮಿಕ್ಸರ್ ಐತೋ, ಅದನ್ನು ಕೊಂಡವರು ಯಾರು.

ಮುಂಜಾನೆ ಓಣಿಯಲ್ಲಿ ಒಂದು ಸುದ್ದಿ ಹಬ್ಬಿತ್ತು: ಸಾಮಾನು ಇದ್ದವರ ರೇಶನ್ ಕಾರ್ಡು ಹೋಗುತ್ತದಂತೆ. ನಾವು ಹೋದ ಮನೆಗಳಲ್ಲೆಲ್ಲ ಏನೂ ಇರಲಿಲ್ಲ. ಒಂದು ಮನೆಯಲ್ಲಿ ಟೀವಿಯ ಮೇಲೆ ಕೌದಿ ಹೊದಿಸಿ, "ಅಜ್ಜಿಗೆ ಜ್ವರ ಬಂದಾವ, ಮಲಗ್ಯಾಳ್ರಿ" ಎಂದರು. ಕೌದಿಯೊಳಗಿನಿಂದ ಅಜ್ಜಿ ಸೋಪಿನ ಜಾಹೀರಾತು ಹಾಡುತ್ತಿದ್ದಳು.

ಊಟದ ಹೊತ್ತಿಗೆ ಸುದ್ದಿ ತಿರುಗಿತು. ಸಾಮಾನು ಇದ್ದವರಿಗೇ ಹೊಸ ಸಾಮಾನು ಕೊಡುತ್ತಾರಂತೆ! ಮಧ್ಯಾಹ್ನ ಹೋದ ಮೊದಲ ಮನೆಯಲ್ಲಿ ಮಿಕ್ಸರ್ ಇತ್ತು. ಎರಡನೆಯದರಲ್ಲೂ ಇತ್ತು. ಮೂರು, ನಾಲ್ಕು, ಐದು, ಎಲ್ಲ ಮನೆಯಲ್ಲೂ ಮಿಕ್ಸರ್! ಅಕ್ಕೋರಿಗೆ ಬಹಳ ಖುಷಿಯಾಯಿತು. "ನೋಡಿ, ಈ ಓಣಿಯಲ್ಲಿ ಹೆಂಗಸರ ದುಡಿತ ಎಷ್ಟು ಹಗುರವಾಗಿದೆ!"

ನಾನು ಅಂದೆ, "ಅಕ್ಕೋರ, ಐದೂ ಮಿಕ್ಸರಿನ ಮುಚ್ಚಳಕ್ಕ ಕೆಂಪು ದಾರ ಕಟ್ಟೈತಿ ನೋಡಿದ್ರೇನು?"

ಮಿಕ್ಸರ್ ಒಂದೇ. ನಾವು ಮುಂಬಾಗಿಲಿನಿಂದ ಹೊರಗೆ ಬರುವಷ್ಟರಲ್ಲಿ ಅದು ಹಿತ್ತಲಿನಿಂದ ಮುಂದಿನ ಮನೆಗೆ ಹೋಗುತ್ತಿತ್ತು. ಅದರ ಖರೆ ಒಡತಿ ಆರನೇ ಮನೆಯಲ್ಲಿದ್ದಳು, ಬಳೆ ಮಾರುವ ಮುಸಲ್ಮಾನರ ಮುದುಕಿ. ಎಲ್ಲರೂ ಚಾಚಿ ಎನ್ನುತ್ತಿದ್ದರು. ಆಕೆ ಮಿಕ್ಸರನ್ನು ಮುಂದಿಟ್ಟುಕೊಂಡು, ನಾವು ಬರುವುದನ್ನೇ ಕಾಯುತ್ತ ಕೂತಿದ್ದಳು.

"ಐದು ಮನ್ಯಾಗ ಬರದಿ. ಖರೆ ಯಾರದು ಅಂತ ಬರದೀ?"

"ನಿಮ್ದ ಅಂತ ಈಗ ಬರೀತೇನಿ, ಚಾಚಿ."

"ಹಾಂ. ಬಳಿ ಮಾರಿ ತಗೊಂಡೇನಿ, ಚಂದಾಗಿ ಬರಿ. ಎರವಲು ಕೊಡೋದು ನನ್ನ ಖುಷಿ." ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಎಲ್ಲಾರ ಸಾಮಾನ ಬರಕೋತ ತಿರಗ್ತಿ. ನಿನ್ನ ಹೆಸರಿಲೆ ಏನೈತಿ ಬೇಟಿ?"

ನಾನು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಮನೆ ಬಾಡಿಗೆಯದು, ಮಗ್ಗ ಗಂಡನದು, ತಾಮ್ರದ ಕೊಡ ಅತ್ತೆಯದು. ಕೊನೆಗೆ, "ಈ ಪೆನ್ನು, ಚಾಚಿ" ಎಂದೆ.

"ಅದೂ ನಿಮ್ಮ ಅಕ್ಕೋರು ಕೊಟ್ಟದ್ದಲ್ಲೇನು?"

ಮನೆಯ ಯಜಮಾನರ ಹೆಸರು

ಫಾರಮ್ಮಿನ ಎರಡನೇ ಪ್ರಶ್ನೆ ಬಹಳ ಸಲೀಸು: ಗಂಡನ ಹೆಸರೇನು? ಅಕ್ಕೋರು ಅದಕ್ಕೆ ಅರ್ಧ ನಿಮಿಷ ಸಾಕೆಂದು ಲೆಕ್ಕ ಹಿಡಿದಿದ್ದರು. ಹುನಗುಂದದ ಹತ್ತಿರದ ಹಳ್ಳಿಯೊಂದರಲ್ಲಿ ಅದು ಅರ್ಧ ದಿನ ತಿಂದಿತು.

ನಮ್ಮ ಕಡೆ ಹಿರಿಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪಿನಲ್ಲಿ ಹೇಳಬೇಕು. ಎರಡು ಸಾಲು ಹಾಡಿನ ಹಾಗೆ ಕಟ್ಟಿ, ನಡುವೆ ಹೆಸರನ್ನು ಬಚ್ಚಿಡುವುದು. ಮದುವೆಯಲ್ಲಿ ಹೊಸ ಗಂಡಹೆಂಡಿರನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿ, ಇಬ್ಬರಿಂದಲೂ ಒಡಪು ಹೇಳಿಸಿಯೇ ಒಳಗೆ ಬಿಡುತ್ತಾರೆ.

ಅಲ್ಲಿ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಶುರು ಮಾಡಿದಳು:

"ಬಿಸಿರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೆ, ಗುರೆಳ್ಳ ಹಿಂಡಿ ಕೂಡಿಸಿ,
ಬಸಪ್ಪ ಉಂಡು ಮಲಗ್ಯಾರ, ಎಬ್ಬಸಬ್ಯಾಡ್ರಿ ಮಾತಾಡಿಸಿ."

ಅಷ್ಟೇ ಸಾಕಾಯಿತು. ಉಳಿದ ಹೆಂಗಸರು ಸುಮ್ಮನಿರುತ್ತಾರೆಯೇ? ಒಬ್ಬಳದಕ್ಕಿಂತ ಒಬ್ಬಳದು ಉದ್ದ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹತ್ತಿರ ಇದ್ದದ್ದು ಹದಿನಾಲ್ಕು ಗಂಡಸರ ಹೆಸರು, ಅಷ್ಟೇ. ಆಮೇಲೆ ಆ ಅಜ್ಜಿ ಅಕ್ಕೋರ ಕಡೆ ತಿರುಗಿದಳು.

"ಈಗ ನೀವು ನಿಮ್ಮ ಯಜಮಾನ್ರ ಹೆಸರು ಹೇಳ್ರಿ."

"ನಾನು ಮದುವೆ ಆಗಿಲ್ಲ ಅಜ್ಜಿ," ಎಂದರು ಅಕ್ಕೋರು.

ಅಜ್ಜಿ ಒಂದು ಗಳಿಗೆ ಯೋಚಿಸಿದಳು. "ಹಂಗಾದ್ರ ನಿಮ್ಮ ಮನಿಗೆ ಯಜಮಾನ್ರು ಯಾರು?"

"ನಾನೇ."

"ಹಂಗಾದ್ರ ನಿಮ್ಮ ಹೆಸರನ್ನ ನೀವ ಒಡಪಿನ್ಯಾಗ ಹೇಳ್ರಿ. ಅದರಾಗೇನು ತ್ರಾಸ?"

ಅಕ್ಕೋರು ಪೆನ್ನು ಕಚ್ಚಿದರು, ಆಕಾಶ ನೋಡಿದರು. ಕೊನೆಗೆ, "ಮುಂದಿನ ಸಲ ಬಂದಾಗ ಹೇಳ್ತೀನಿ" ಎಂದು ಎದ್ದರು.

ಹೆಂಗಸರು ನನ್ನನ್ನು ಹಿಡಿದರು. ನಾನು ನನ್ನ ಗಂಡನ ಹೆಸರಿನ ಒಡಪನ್ನು ಹೇಳಿದೆ. ಆಮೇಲೆ ಆತನ ಕಥೆಯನ್ನೂ ಹೇಳಿದೆ. ನಮ್ಮ ಮದುವೆಯ ದಿನ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತು, "ಹೆಂಡತಿ ಹೆಸರು ಹೇಳೋ ಅಣ್ಣ" ಎಂದರೆ ಆತನ ಬಾಯಿಂದ ಮಾತೇ ಹೊರಡಲಿಲ್ಲ. ಸಾರು ಆರಿತು, ಅನ್ನ ಆರಿತು, ಪೂಜಾರಪ್ಪ ಎರಡು ಸಲ ಆಕಳಿಸಿದ. ಕಡೆಗೆ ಪಾಪ ಎನಿಸಿ ಹಾಗೇ ಒಳಗೆ ಬಿಟ್ಟರು. ಅವತ್ತಿನಿಂದ ಆತ ನನ್ನನ್ನು ಕರೆಯುವುದು, "ಏ, ಕೇಳಿಸ್ತೇನ?" ಎಂದೇ. ನನ್ನ ಹೆಸರು ಆತನಿಗೆ ಗೊತ್ತಿದೆಯೋ ಇಲ್ಲವೋ ಎಂದು ನನಗೇ ಒಮ್ಮೊಮ್ಮೆ ಅನುಮಾನ.

ಅಕ್ಕೋರು ಆಮೇಲೆ ನಾಲ್ಕು ದಪ್ಪ ಪುಸ್ತಕ ಬರೆದರು. ಆ ಎರಡು ಸಾಲಿನ ಒಡಪು ಇವತ್ತಿಗೂ ಆಗಿಲ್ಲ.

ಹದಿನೈದು ನಿಮಿಷಕ್ಕೊಮ್ಮೆ

ಒಂದು ವರ್ಷ ಅಕ್ಕೋರಿಗೆ ಹೊಸ ವಿಚಾರ ಬಂತು. ಹೆಂಗಸರಿಗೆ ತಾವು ಮಾಡುವ ಕೆಲಸವೇ ನೆನಪಿರುವುದಿಲ್ಲ. ಆದ್ದರಿಂದ ಕೇಳುವುದು ಬೇಡ, ಒಬ್ಬಳ ಹಿಂದೆ ದಿನವಿಡೀ ತಿರುಗಿ, ಹದಿನೈದು ನಿಮಿಷಕ್ಕೊಮ್ಮೆ ಆಕೆ ಏನು ಮಾಡುತ್ತಿದ್ದಾಳೆ ಎಂದು ಬರೆಯುವುದು.

ಬಾದಾಮಿಯ ಹತ್ತಿರ ಒಬ್ಬಾಕೆಯನ್ನು ಹಿಡಿದೆವು. ಆಕೆ ದಿನಾ ಬುಟ್ಟಿಯಲ್ಲಿ ರೊಟ್ಟಿ, ಗಡಿಗೆಯಲ್ಲಿ ಮೊಸರು ಹೊತ್ತು ಮಹಾಕೂಟಕ್ಕೆ ಹೋಗಿ, ದೇವರಿಗೆ ಬಂದವರಿಗೆ ಮಾರುತ್ತಿದ್ದಳು. ಗಟ್ಟಿ ಹೆಣ್ಣುಮಗಳು. ನಮ್ಮ ಮಾತನ್ನೆಲ್ಲ ಕೇಳಿ, "ನೀವು ಸುಮ್ಮ ನೋಡಕೋತ ಕುಂದರ್ತೀರಿ, ನಾ ದುಡೀತೇನಿ?" ಎಂದಳು.

"ಹೌದು, ನೀವು ನಮ್ಮನ್ನ ಗಮನಿಸಲೇಬೇಡಿ," ಎಂದರು ಅಕ್ಕೋರು.

ಬೆಳಕು ಹರಿಯುವ ಮೊದಲೇ ಹೋದೆವು. ಆಕೆ ಹಿಟ್ಟು ನಾದುತ್ತಿದ್ದಳು. ಒಲೆ ಆರುತ್ತಿತ್ತು. "ಬಾಯಾರ, ಸುಮ್ಮ ಕುಂತೀರಿ, ಒಂದೀಟು ಊದ್ರಿ" ಎಂದಳು. ಅಕ್ಕೋರು ಊದಿದರು. ಆಮೇಲೆ ಎರಡು ಕೊಡ ನೀರು ಬೇಕಾಯಿತು. ಅದನ್ನು ನಾನು ತಂದೆ. ದಾರಿಯಲ್ಲಿ, "ಗಡಿಗಿ ಅಲುಗಾಡ್ತೈತಿ, ಹಿಡೀರಿ" ಎಂದಳು. ಮಹಾಕೂಟ ಮುಟ್ಟುವವರೆಗೆ ಮೊಸರಿನ ಗಡಿಗೆ ಅಕ್ಕೋರ ಕೈಯಲ್ಲೇ ಇತ್ತು. ಅಲ್ಲಿ ನಾನು ಚಟ್ನಿ ಬಡಿಸಿದೆ, ಅಕ್ಕೋರು ಎಲೆ ಎತ್ತಿದರು. ಜಗತ್ತಿನ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿದ ಬಾಯಿ ಅವತ್ತು, "ಮೊಸರು ಬೇಕೇನ್ರಿ, ಮೊಸರು" ಎಂದು ಕೂಗಿತು. ಮೈಸೂರಿನ ದನಿಯಲ್ಲಿ ಕೂಗಿದ್ದಕ್ಕೋ ಏನೋ, ಗಡಿಗೆ ಬೇಗ ಖಾಲಿಯಾಯಿತು.

ಸಂಜೆ ಕಾಗದ ತೆಗೆದು ನೋಡಿದರೆ, ಆ ಹೆಣ್ಣುಮಗಳ ದಿನದಲ್ಲಿ ವಿಶ್ರಾಂತಿ ಎಂಬ ಕಲಮಿನ ಎದುರು ಗೀಟೋ ಗೀಟು. ಹಿಂದಿನ ಯಾವ ದೇಶದಲ್ಲೂ ಅಕ್ಕೋರು ಇಷ್ಟು ಆರಾಮಿನ ಬಡ ಹೆಂಗಸನ್ನು ಕಂಡಿರಲಿಲ್ಲ.

"ಇದು ಸರಿಯಾಗಲಿಲ್ಲ. ನಾವು ಕೈ ಹಾಕಿ ಕೆಡಿಸಿಬಿಟ್ವಿ," ಎಂದರು ಅಕ್ಕೋರು, ಸೊಂಟ ಹಿಡಿದುಕೊಂಡು.

ಆಕೆ ಖಾಲಿ ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟು, ಸಮಾಧಾನದ ದನಿಯಲ್ಲಿ ಹೇಳಿದಳು: "ಹೋಗಲಿ ಬಿಡ್ರಿ ಬಾಯಾರ. ಸರಿ ಆಗೋತನಾ ದಿನಾ ಬರ್ರಿ."

ಎಂಟನೇ ದಿನ

ವರ್ಷಗಳು ಉರುಳಿದವು. ಕಾಗದದ ಫಾರಂ ಹೋಗಿ ಟ್ಯಾಬು ಬಂತು. ಹೊಸಬರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂತು. ಬಾಗಲಕೋಟೆಯ ನವನಗರದಲ್ಲಿ ಒಂದು ಕೋಣೆ ಹಿಡಿದು ತರಬೇತಿ. ಮೊದಲ ದಿನ ಒಳಗೆ ಹೋಗಿ ನೋಡುತ್ತೇನೆ, ಮುಂದಿನ ಬೆಂಚಿನಲ್ಲಿ ಲೆಕ್ಚರರ್ ಕೂತಿದ್ದಾರೆ! ಅದೇ ಎಂಟು ದಿನದ ಲೆಕ್ಚರರ್.

ರಿಟೈರ್ ಆಗಿ ಆರು ತಿಂಗಳಾಗಿತ್ತಂತೆ. "ಮನ್ಯಾಗ ಕುಂತು ಕುಂತು ಸಾಕಾತು," ಎಂದರು. ಅವರ ಮನೆಯವರಿಗೆ ಅದಕ್ಕಿಂತ ಮೊದಲೇ ಸಾಕಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ನಾನು ಅಕ್ಕೋರಿಂದ ಕಲಿತದ್ದನ್ನೇ ಕಲಿಸಿದೆ. ಕೇಳದೆ ಬರೆಯಬಾರದು. ಉತ್ತರವನ್ನು ನಾವು ಬಾಯಿಗೆ ಹಾಕಬಾರದು. ಪಕ್ಕದಲ್ಲಿ ಕೂತವರು ಹೇಳಿಕೊಡಲೂ ಬಿಡಬಾರದು. ಲೆಕ್ಚರರ್ ಎಲ್ಲವನ್ನೂ ಚಂದದ ಅಕ್ಷರದಲ್ಲಿ ಬರೆದುಕೊಂಡರು. ಮರುದಿನ ಮೊದಲ ಮನೆಗೆ ಹೋಗಿ, ಅಂಗಳದಲ್ಲಿ ನಿಂತು ಶುರು ಮಾಡಿದರು: "ತಮ್ಮ ಕುಟುಂಬದ ಆರ್ಥಿಕ ಸ್ಥಿತಿಗತಿಗಳನ್ನು ಕುರಿತು ತಮ್ಮೊಡನೆ ಕೆಲವು ವಿಷಯಗಳನ್ನು ಚರ್ಚಿಸಬೇಕಾಗಿದೆ."

ಮನೆಯಾಕೆ ಒಳಗೆ ಕೂಗಿದಳು: "ಯಾರೋ ಭಾಷಣ ಮಾಡಾಕ ಬಂದಾರ್ರೀ, ಒಂದು ಕುರ್ಚಿ ತರ್ರಿ. ಜಮಖಾನಿ ಹಾಸಲೇನು?"

ದಿನಾ ಸಂಜೆ ಅವರು ಬರುವಾಗ ನಡಿಗೆ ನಿಧಾನವಾಗುತ್ತಿತ್ತು. ಒಂದು ದಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಬಂದರು. ಕಾಲಿನಲ್ಲಿ ಬೊಬ್ಬೆ. "ಮೇಡಂ," ಎಂದರು (ಮೊದಲು ಇಳಕಲ್ಲಿನಲ್ಲಿ ‘ಈಕಿ’ ಎಂದಿದ್ದರು, ನೆನಪಿರಲಿ), "ನನ್ನ ಕೈಲೆ ಆಗಂಗಿಲ್ರಿ. ನಾಳಿಂದ ಬರಂಗಿಲ್ಲ."

ನಾನು ಕುಡಿಯಲು ನೀರು ಕೊಟ್ಟೆ. "ಇವತ್ತಿಗೆ ಎಷ್ಟು ದಿನ ಆತ್ರಿ ಸರ್?"

ಅವರು ಬೆರಳು ಮಡಚುತ್ತ ಹೋದರು. ಎಂಟನೇ ಬೆರಳಿಗೆ ನಿಂತರು. ನನ್ನ ಮುಖ ನೋಡಿದರು. ನಾನು ಏನೂ ಅನ್ನಲಿಲ್ಲ. ಅನ್ನದೆ ಇರುವುದಕ್ಕೆ ನನಗೆ ಎಷ್ಟು ಕಷ್ಟವಾಯಿತು ಎಂಬುದು ನನಗೇ ಗೊತ್ತು.

ಅವರು ಚಪ್ಪಲಿಯನ್ನು ಕೆಳಗಿಟ್ಟು, ಮೆಲ್ಲಗೆ ಕಾಲು ತೂರಿಸಿದರು. "ನಾಳೆ ಬರ್ತೇನಿ. ಬರದಿದ್ರ ನೀವು ಇದನ್ನ ಸಾಯೋತನಾ ಎಲ್ಲಾರಿಗೂ ಹೇಳ್ತೀರಿ."

ಬಂದರು. ಆದರೂ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಒಂಬತ್ತನೇ ಪ್ರಶ್ನೆ

ಯಾರ ಯಾರ ಮನೆಗೆ ಹೋಗಬೇಕು ಎಂಬುದನ್ನು ನಾವು ಆರಿಸುವುದಿಲ್ಲ. ಊರಿನ ಮನೆಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ ಅದು ಚೀಟಿ ಎತ್ತಿದ ಹಾಗೆ ಎತ್ತುತ್ತದೆ. ಹೋದ ತಿಂಗಳು ಇಳಕಲ್ಲಿನ ಪಟ್ಟಿಯಲ್ಲಿ ನಮ್ಮದೇ ಮನೆ ಬಂತು. ಬಿಟ್ಟು ಬೇರೆ ಮನೆ ಹಿಡಿಯಲು ನಿಯಮವಿಲ್ಲ. ಅಕ್ಕೋರಿಗೆ ಫೋನು ಮಾಡಿದೆ. ಅವರು ಬಿದ್ದು ಬಿದ್ದು ನಕ್ಕು, "ಯಾರ ಪಾಲಿಗೆ ಬಂದಿದೆಯೋ ಅವರೇ ಕೇಳಬೇಕು, ನೀವು ಸುಮ್ಮನೆ ಉತ್ತರ ಕೊಡಬೇಕು" ಎಂದರು.

ಬಂದದ್ದು ಲೆಕ್ಚರರ ಪಾಲಿಗೆ.

ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಪಡಸಾಲೆಯಲ್ಲಿ ಕೂತರು. ಎದುರಿಗೆ ನನ್ನ ಗಂಡ, ಪಕ್ಕದಲ್ಲಿ ನಾನು, ಬಾಗಿಲ ಹತ್ತಿರ ಅತ್ತೆ. ಈ ಹೊಸ ಮನೆಗೆ ಬಂದು ಮೂರು ತಿಂಗಳಾಗಿತ್ತು. ಗೋಡೆಗೆ ಇನ್ನೂ ಸುಣ್ಣದ ವಾಸನೆ.

ಮನೆಯ ಭಾಗದ ಪ್ರಶ್ನೆಗಳು ಈ ಸಲ ನನ್ನ ಗಂಡನಿಗೆ. ಎಂಟನೆಯದು ಬಂತು. "ಮನೆ ಸ್ವಂತದ್ದೋ ಬಾಡಿಗೆಯದೋ?"

"ಸ್ವಂತದ್ದು," ಎಂದ ಗಂಡ.

ಲೆಕ್ಚರರ ಬೆರಳು ಟ್ಯಾಬಿನ ಮೇಲೆ ಟಪಟಪ ಓಡಿತು. ತಲೆ ಎತ್ತಿ, "ಇನ್ನು ಹತ್ತನೇದು. ನೀರು ಎಲ್ಲಿಂದ..." ಎಂದರು.

ಹದಿನೆಂಟು ವರ್ಷ ನಾನು ಒಂದು ಪ್ರಶ್ನೆಗಾಗಿ ಕಾದಿದ್ದೆ. ಟ್ಯಾಬು ಅವರ ತೊಡೆಯ ಮೇಲಿತ್ತು, ಅಕ್ಷರಗಳೆಲ್ಲ ನನ್ನ ಕಡೆಗೆ ತಲೆಕೆಳಗು.

"ಸರ್, ಒಂಬತ್ತನೇದು ಬಿಟ್ರಿ."

"ಇದರಾಗ ಬಿಡಾಕ ಬರಂಗಿಲ್ರಿ ಮೇಡಂ. ತುಂಬಿದ್ರ ಅಷ್ಟ ಮುಂದ ಹೋಗ್ತೈತಿ."

"ತುಂಬೀರಿ. ಕೇಳಿಲ್ಲ. ಅಲ್ಲಿ ನಮ್ಮನಿಯವರ ಹೆಸರು ಬರದೀರಿ."

ಲೆಕ್ಚರರ್ ಟ್ಯಾಬನ್ನು ಎದೆಗೆ ಅವಚಿಕೊಂಡರು. "ಎಲ್ಲಾ ಮನ್ಯಾಗೂ ಹಂಗ ಇರ್ತೈತಲ್ರಿ, ಅದಕ್ಕ..."

"ಕೇಳದ ಬರೀಬಾರದು. ಮೊದಲನೇ ದಿನ ಹೇಳೇನಿ. ನೀವು ಚಂದನ್ನ ಅಕ್ಷರದಾಗ ಬರಕೊಂಡೀರಿ."

ಅವರು ಬರೆದದ್ದನ್ನು ಅಳಿಸಿ, ಬೆನ್ನು ನೆಟ್ಟಗೆ ಮಾಡಿ, ನನ್ನ ಗಂಡನನ್ನು ಕೇಳಿದರು: "ಈ ಮನೆ ಯಾರ ಹೆಸರಿನಲ್ಲಿದೆ?"

"ಆಕಿ ಹೆಸರಿಲೆ," ಎಂದ ಗಂಡ.

"ಆಕಿ ಅಂದ್ರ ಯಾರು? ಹೆಸರು ಹೇಳಬೇಕ್ರಿ."

ಗಂಡ ನನ್ನನ್ನು ನೋಡಿದ. ಕಿವಿ ಕೆಂಪಾಯಿತು. "ಇಲ್ಲೇ ಕುಂತಾಳಲ್ರಿ, ಆಕೀನ್ನ ಕೇಳಿ ಬರಕೋರಿ."

ನಾನು ಬಾಯಿ ತೆರೆದೆ. ಲೆಕ್ಚರರ್ ಕೈ ಎತ್ತಿ ನನ್ನನ್ನು ತಡೆದರು. ಅವರ ಮುಖದಲ್ಲಿ ಹದಿನೆಂಟು ವರ್ಷದಲ್ಲಿ ನಾನು ಕಾಣದ ಸಂತೋಷವಿತ್ತು. "ಪಕ್ಕದಾಗ ಕುಂತವರು ಹೇಳಿಕೊಡಬಾರದು. ಮೊದಲನೇ ದಿನ ಹೇಳೀರಿ, ಮೇಡಂ."

ನಾನು ಬಾಯಿ ಮುಚ್ಚಿದೆ. ಗಂಡ ಬೆವರತೊಡಗಿದ. ಅತ್ತೆ ಬಾಗಿಲಿಂದ, "ಮದುವ್ಯಾಗ ಹೇಳಲಿಲ್ಲ, ಈಗ ಹೇಳ್ತಾನೇನು ಇಂವ! ಚಾ ಆರತೈತಿ, ಕುಡೀರಿ ಮಾಸ್ತರ" ಎಂದಳು. ಲೆಕ್ಚರರ್ ಚಾ ಮುಟ್ಟಲಿಲ್ಲ. ಟ್ಯಾಬಿನ ಮೇಲೆ ಬೆರಳಿಟ್ಟುಕೊಂಡು ಕಾದರು.

ಆಗ ನನ್ನ ಗಂಡ ಎದ್ದು ನಿಂತ. ಶಾಲು ಹೊದ್ದವರ ಹಾಗೆ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. ಹೋಗಿ ಹೊಸ್ತಿಲ ಮೇಲೆ ನಿಂತು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿದ:

"ಹಾಸು ಇದ್ರ ಆತೇನು, ಹೊಕ್ಕು ಇದ್ರ ಸೀರಿ;
ಗ್ವಾಡಿ ಇದ್ರ ಆತೇನು, ಶಂಕ್ರವ್ವ ಇದ್ರ ಮನಿ."

ಅತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು. ನನ್ನ ಹೆಸರು ಆತನಿಗೆ ಗೊತ್ತಿತ್ತು. ಆ ಎರಡು ಸಾಲನ್ನು ಯಾವಾಗ ಕಟ್ಟಿದೆ ಎಂದು ಆಮೇಲೆ ಕೇಳಿದೆ. "ಮದುವಿ ಮರುದಿನ ಮೊದಲನೇ ಸಾಲು ಹೊಳೀತು. ಎರಡನೇದಕ್ಕ ಮನಿ ಇರಲಿಲ್ಲ," ಎಂದ.

ಲೆಕ್ಚರರ್ ಕನ್ನಡಕ ತೆಗೆದು ಒರೆಸಿಕೊಂಡು, ಟ್ಯಾಬನ್ನು ನೋಡಿದರು, ನನ್ನನ್ನು ನೋಡಿದರು. "ಮೇಡಂ, ಇಷ್ಟುದ್ದ ಇದರಾಗ ಹಿಡಿಯಂಗಿಲ್ರಿ. 'ಸೀರಿ'ಗೆ ನಿಲ್ಲಿಸಲೋ, 'ಶಂಕ್ರವ್ವ'ಗೆ ನಿಲ್ಲಿಸಲೋ?"

"ಶಂಕ್ರವ್ವಗೇ ನಿಲ್ಲಸ್ರಿ," ಎಂದೆ.

ಹೀಗಾಗಿ ಈಗ ನನ್ನ ಹೆಸರಿನಲ್ಲಿ ಇರುವುದು ಎರಡು ಕೋಣೆ, ಒಂದು ಪಡಸಾಲೆ, ಮಗ್ಗಕ್ಕೊಂದು ಕುಣಿ, ನಾನೇ ಕೊಂಡ ಒಂದು ಪೆನ್ನು, ಮತ್ತು ಒಂದು ಒಡಪು. ಅದಕ್ಕೆ ಕೊಟ್ಟದ್ದು ಅವ್ವನ ಬಂಗಾರದ ಬೋರಮಾಳ ಸರ, ತಿರುಗಿ ಸವೆದ ನನ್ನ ಎರಡು ಮೊಳಕಾಲು, ಮತ್ತು ಹದಿನೆಂಟು ವರ್ಷ. ಅದರಲ್ಲಿ ಮೊದಲ ಎಂಟು ದಿನ ಬಹಳ ಕಷ್ಟವಾಗಿತ್ತು, ಅದನ್ನು ಲೆಕ್ಚರರಿಗೆ ಇನ್ನೂ ಹೇಳಿಲ್ಲ.